ಬೆಂಗಳೂರಿನ ಲೋಟಕ್ಕೆ ಕಾಲಕ್ಕೊಂದು ಹುಳಿ

ಶರಬತ್ತಾಗಲಿ ಕಾಕ್‌ಟೇಲ್ ಆಗಲಿ, ಹುಳಿ ಬೇಕೆಂದರೆ ಕೈ ನೇರವಾಗಿ ನಿಂಬೆಹಣ್ಣಿಗೇ ಹೋಗುತ್ತದೆ. ವರ್ಷವಿಡೀ ಸಿಗುವ ಹಣ್ಣು, ತಪ್ಪೇನಲ್ಲ. ಆದರೆ ಬೇಸಿಗೆಯಲ್ಲಿ, ಅದು ಹೆಚ್ಚು ಬೇಕಾದ ಹೊತ್ತಿನಲ್ಲೇ, ನಿಂಬೆಯ ಬೆಲೆ ಏರಿರುತ್ತದೆ, ರಸ ಕಡಿಮೆ ಇರುತ್ತದೆ. ಅದೇ ವಾರಗಳಲ್ಲಿ ಗಾಂಧಿ ಬಜಾರಿನಲ್ಲೂ ಮಲ್ಲೇಶ್ವರದ ಬೀದಿಗಳಲ್ಲೂ ಹುಳಿ ಮಾವಿನಕಾಯಿ ರಾಶಿ ಬಿದ್ದಿರುತ್ತದೆ. ಮಳೆಗಾಲಕ್ಕೆ ನೇರಳೆ, ಮಳೆ ಹಿಂದೆ ಸರಿದಾಗ ಚಕ್ಕೋತ, ಚಳಿಗೆ ನೆಲ್ಲಿಕಾಯಿ, ಆಮೇಲೆ ನೀಲಿ ದ್ರಾಕ್ಷಿ. ಪ್ರತಿ ಕಾಲಕ್ಕೂ ಈ ಊರಿನಲ್ಲಿ ಒಂದು ಹುಳಿ ತಾನಾಗಿ ಬಂದು ಕೂರುತ್ತದೆ. ಆ ಹುಳಿಯಿಂದ ಒಂದು ಬಾಟಲಿ ರಸ ಮಾಡಿಟ್ಟುಕೊಂಡರೆ ಮಕ್ಕಳ ಲೋಟಕ್ಕೂ ದೊಡ್ಡವರ ಲೋಟಕ್ಕೂ ಊಟದ ತಟ್ಟೆಗೂ ಅದೇ ಸಾಕು. ಇಲ್ಲಿರುವ ಕ್ರಮವೆಲ್ಲ ಆ ಬಾಟಲಿಯ ಸುತ್ತ. ಮದ್ಯ ಸೇರಿದ ಪಾನೀಯಗಳು 21 ತುಂಬಿದವರಿಗೆ ಮಾತ್ರ.

ಮೊದಲು ಅಳತೆ

ಕಣ್ಣಂದಾಜು ಬೇಡ. ಔಷಧಿ ಅಂಗಡಿಯಲ್ಲಿ ಸಿಗುವ ಮಿ.ಲೀ. ಗುರುತಿನ ಪುಟ್ಟ ಲೋಟವೇ ಸಾಕು. ಸಣ್ಣ ಪೆಗ್ 30 ಮಿ.ಲೀ., ದೊಡ್ಡ ಪೆಗ್ 60. ಇಲ್ಲಿನ ಪಾನೀಯಗಳಿಗೆಲ್ಲ 45 ಮಿ.ಲೀ. ಸಾಕು. ನಮ್ಮಲ್ಲಿ ಸಿಗುವ ರಮ್, ಜಿನ್, ವೋಡ್ಕಾ, ಬ್ರಾಂದಿ ಬಹುಪಾಲು 42.8% ಇರುತ್ತವೆ. ಸಿಹಿ ಹುಳಿಯ ಮರೆಯಲ್ಲಿ ಅದರ ಕಾವು ನಾಲಿಗೆಗೆ ಗೊತ್ತಾಗುವುದಿಲ್ಲ, ಆದ್ದರಿಂದಲೇ ಅಳತೆ ಮುಖ್ಯ.

ನಿಂಬೆಯನ್ನು ಅಳತೆಗೋಲು ಎಂದಿಟ್ಟುಕೊಳ್ಳಿ. 60 ಮಿ.ಲೀ. ಮದ್ಯ, 25 ಮಿ.ಲೀ. ನಿಂಬೆರಸ, 20 ಮಿ.ಲೀ. ಸಕ್ಕರೆ ಪಾಕ ಎಂಬುದು ಎಲ್ಲ ಕಡೆ ನಡೆಯುವ ಲೆಕ್ಕ. ಮಾವಿನಕಾಯಿ, ನೆಲ್ಲಿ, ಚಕ್ಕೋತ, ದ್ರಾಕ್ಷಿ ಯಾವುದರ ರಸವೂ ನಿಂಬೆಯಷ್ಟು ಚುರುಕಲ್ಲ. ನಿಂಬೆಯ ಜಾಗಕ್ಕೆ ಅಷ್ಟೇ ಅಳತೆಯಲ್ಲಿ ಅವನ್ನು ಹಾಕಿದರೆ ಪಾನೀಯ ಸಪ್ಪೆ ಹೊಡೆಯುತ್ತದೆ. ಸಪ್ಪೆಯಾಯಿತೆಂದು ಉಪ್ಪನ್ನೋ ಸಕ್ಕರೆಯನ್ನೋ ಸುರಿದರೆ ಇನ್ನೂ ಕೆಡುತ್ತದೆ. ಈ ಹಣ್ಣುಗಳ ರಸವನ್ನು ಎರಡು ಮೂರು ಪಟ್ಟು ಹಾಕಬೇಕು, ಪಾಕ ಇಳಿಸಬೇಕು, ಕೊನೆಗೆ 5–10 ಮಿ.ಲೀ. ನಿಂಬೆರಸವನ್ನು ಬೆನ್ನಿಗೆ ನಿಲ್ಲಿಸಬೇಕು. ನೆಲ್ಲಿಗೆ ಮಾತ್ರ ಪಾಕ ಇಳಿಸುವುದೂ ಬೇಡ, ನಿಂಬೆಯೂ ಬೇಡ.

ಸಕ್ಕರೆ ಪಾಕಕ್ಕೆ 250 ಗ್ರಾಂ ಸಕ್ಕರೆ, 250 ಮಿ.ಲೀ. ನೀರು. ಕರಗುವಷ್ಟು ಬಿಸಿ ಮಾಡಿದರೆ ಸಾಕು. ಎಳೆ ಬರುವ ತನಕ ಕುದಿಸಿದರೆ ಅದು ಮಿಠಾಯಿಯ ಪಾಕ, ತಣ್ಣನೆಯ ಲೋಟದಲ್ಲಿ ತಳಕ್ಕಿಳಿದು ಕೂರುತ್ತದೆ. ಬೆಲ್ಲದ ಪಾಕಕ್ಕೆ 250 ಗ್ರಾಂ ಬೆಲ್ಲ, 200 ಮಿ.ಲೀ. ನೀರು. ಕರಗಿದ ಮೇಲೆ ಎರಡು ನಿಮಿಷ ಕುದಿಸಿ ಬಟ್ಟೆಯಲ್ಲಿ ಸೋಸಿ, ಬೆಲ್ಲದಲ್ಲಿ ಮರಳು ಇದ್ದೇ ಇರುತ್ತದೆ. ಮಂಡ್ಯದ ಅಚ್ಚು ಬೆಲ್ಲದಲ್ಲಿ ಕಂದು ಬಣ್ಣದ್ದನ್ನೇ ಆರಿಸಿ. ತೀರಾ ಬೆಳ್ಳಗೆ ಹೊಳೆಯುವ ಬೆಲ್ಲ ರಾಸಾಯನಿಕ ಹಾಕಿ ಬಿಳಿ ಮಾಡಿದ್ದಾಗಿರುವುದುಂಟು, ಅದರಲ್ಲಿ ಬೆಲ್ಲದ ರುಚಿಯೂ ಕಡಿಮೆ.

ಇನ್ನು ನೀರು. ಮನೆಗೆ ಬರುವುದು ಕಾವೇರಿಯೋ ಬೋರ್‌ವೆಲ್ಲೋ ನೋಡಿಕೊಳ್ಳಿ. ಗಡಸು ನೀರು ಹುಳಿಯನ್ನು ಮಂಕು ಮಾಡುತ್ತದೆ, ಐಸ್ ಕರಗಿದಾಗ ಬಿಳಿ ಪುಡಿ ಬಿಡುತ್ತದೆ, ನೇರಳೆಯ ಕೆಂಪನ್ನು ನೀಲಿಯ ಕಡೆಗೆ ತಿರುಗಿಸುತ್ತದೆ. ಶೋಧಿಸಿದ ನೀರಿನಲ್ಲೇ ಐಸ್ ಮಾಡಿ, ಮೀನು ಮಾಂಸ ಇಟ್ಟ ಫ್ರೀಜರ್ ಆದರೆ ಟ್ರೇ ಮುಚ್ಚಿಡಿ. ಐಸ್ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ.

ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ನಡೆಯುತ್ತದೆ. ಮುಕ್ಕಾಲು ಭಾಗ ಐಸ್ ತುಂಬಿ 12–15 ಸೆಕೆಂಡು ಜೋರಾಗಿ ಕುಲುಕಿ. ಇಷ್ಟರಲ್ಲಿ ಸುಮಾರು 25–30 ಮಿ.ಲೀ. ನೀರು ಕರಗಿ ಸೇರುತ್ತದೆ. ಅದು ನಷ್ಟವಲ್ಲ, ಪಾನೀಯದ ಒಂದು ಪಾಲು. ಐಸ್ ಉಳಿಸಲು ಎರಡೇ ತುಂಡು ಹಾಕಿದರೆ ಅವು ಬೇಗ ಕರಗಿ, ಪಾನೀಯ ತಣ್ಣಗಾಗುವ ಮೊದಲೇ ನೀರಾಗುತ್ತದೆ. ಸೋಡಾವನ್ನು ಮಾತ್ರ ಎಂದೂ ಕುಲುಕಬೇಡಿ. ಅದು ಕೊನೆಗೆ, ಲೋಟಕ್ಕೆ.

ರಾಮನವಮಿಯ ಹೊತ್ತಿಗೆ: ಬೇಲದ ಹಣ್ಣು

ಕೊಳ್ಳುವಾಗ ಹಣ್ಣನ್ನು ಒಂದು ಅಡಿ ಎತ್ತರದಿಂದ ನೆಲಕ್ಕೆ ಬಿಡಿ. ಪುಟಿದರೆ ಕಾಯಿ, ಧಪ್ಪೆಂದು ಬಿದ್ದಲ್ಲೇ ಕೂತರೆ ಹಣ್ಣು. ತೊಟ್ಟಿನ ಬಳಿ ಘಮ ಇರಬೇಕು, ಹುಳಿತ ಹೆಂಡದ ವಾಸನೆ ಬಂದರೆ ಮೀರಿದೆ ಎಂದರ್ಥ.

ಒಂದು ಹಣ್ಣು ಒಡೆದು ತಿರುಳನ್ನು 500 ಮಿ.ಲೀ. ನೀರಿಗೆ ಹಾಕಿ ಕೈಯಲ್ಲೇ ಕಿವುಚಿ, 20 ನಿಮಿಷ ಬಿಟ್ಟು ಜರಡಿಯಲ್ಲಿ ಸೋಸಿ. ಮಿಕ್ಸಿಗೆ ಹಾಕಬಾರದು. ಬೀಜ ನುಗ್ಗಾಗಿ ಒಗರು ಬಿಡುತ್ತದೆ, ಆಮೇಲೆ ಎಷ್ಟು ಸೋಸಿದರೂ ನಾಲಿಗೆಗೆ ತರಿ ಸಿಗುತ್ತದೆ. ಸೋಸಿದ್ದಕ್ಕೆ 100 ಗ್ರಾಂ ಬೆಲ್ಲ, ಮೂರು ಏಲಕ್ಕಿ, ಚಿಟಿಕೆ ಉಪ್ಪು. ಇದು ಪಾನಕ.

ಬೇಲದ ಹಣ್ಣಿಗೂ ಕಪ್ಪು ರಮ್ಮಿಗೂ ಬೆಲ್ಲ ನಂಟು ಕೂಡಿಸುತ್ತದೆ. ರಮ್ 45 ಮಿ.ಲೀ., ಬೆಲ್ಲ ಬೆರೆಸಿದ ಬೇಲದ ರಸ 120, ನಿಂಬೆ 10. ದೊಡ್ಡ ಐಸ್ ಮೇಲೆ ಸುರಿದು ಕಲಕಿ, ಕುಲುಕಿದರೆ ನೊರೆ ಎದ್ದು ಕೆಸರಿನಂತೆ ಕಾಣುತ್ತದೆ. ರಾಮನವಮಿಯ ಪಾನಕ ಪ್ರಸಾದ. ಈ ರಮ್ಮಿನ ಲೋಟವನ್ನು ಆ ದಿನ, ಆ ಪಾತ್ರೆಯಲ್ಲಿ ಮಾಡಬಾರದು. ಹಣ್ಣು ಆಮೇಲೂ ಕೆಲವು ವಾರ ಸಿಗುತ್ತದೆ.

ಬೇಸಿಗೆ: ಸುಟ್ಟ ಮಾವಿನಕಾಯಿ

ವರ್ಷದಲ್ಲಿ ಒಂದೇ ಬಾಟಲಿ ಮಾಡುವ ಪುರುಸೊತ್ತು ಇರುವವರು ಇದನ್ನು ಮಾಡಿ. ಶರಬತ್ತಿಗೂ ಗೊಜ್ಜಿಗೂ ಇಷ್ಟು ಚೆನ್ನಾಗಿ ಒದಗುವ ರಸ ಇನ್ನೊಂದಿಲ್ಲ.

ತೋತಾಪುರಿ, ಅಂದರೆ ಗಿಣಿಮೂತಿ ಕಾಯಿ, ಉಪ್ಪು ಖಾರ ಹಚ್ಚಿ ತಿನ್ನಲು ಸೊಗಸು. ರಸಕ್ಕೆ ಅದರ ಹುಳಿ ಸಾಲದು. ನಾಟಿ ಹುಳಿ ಮಾವಿನಕಾಯಿ ಕೇಳಿ ತನ್ನಿ. ಒತ್ತಿದರೆ ಕಲ್ಲಿನಂತಿರಬೇಕು, ಕೊಯ್ದರೆ ಒಳಗೆ ಬಿಳಿ ಅಥವಾ ತೆಳು ಹಸಿರು ಇರಬೇಕು. ಹಳದಿಗೆ ತಿರುಗಿದ್ದರೆ ಹುಳಿ ಇಳಿಯಲು ಶುರುವಾಗಿದೆ.

ಬೇಕಾದದ್ದು: ಮಾವಿನಕಾಯಿ 500 ಗ್ರಾಂ, ಬೆಲ್ಲದ ಪಾಕ 200 ಮಿ.ಲೀ., ಉಪ್ಪು 1 ಟೀ ಚಮಚ, ಹುರಿದ ಜೀರಿಗೆ ಪುಡಿ 1 ಟೀ ಚಮಚ, ಮೆಣಸಿನ ಪುಡಿ ಅರ್ಧ ಟೀ ಚಮಚ. ಇಲ್ಲಿ ಮೆಣಸು ಎಂದರೆ ಕಾಳುಮೆಣಸು.

ತೊಟ್ಟಿನ ಕಡೆ ಅರ್ಧ ಇಂಚು ಕೊಯ್ದು ಕಾಯಿಯನ್ನು ಅರ್ಧ ಗಂಟೆ ನೀರಿನಲ್ಲಿಡಿ. ಸೊನೆ ಇಳಿಯಲಿ. ಈ ಹಂತ ಬಿಟ್ಟರೆ ರಸಕ್ಕೆ ಟರ್ಪೆಂಟೈನಿನಂಥ ಕಟು ವಾಸನೆ ಬರುತ್ತದೆ, ಕೆಲವರಿಗೆ ಗಂಟಲು ಕೆರೆಯುತ್ತದೆ. ಒರೆಸಿ, ಗ್ಯಾಸ್ ಒಲೆಯ ಮೇಲೆ ಜಾಲಿ ಇಟ್ಟು ನಡು ಉರಿಯಲ್ಲಿ 12–15 ನಿಮಿಷ ತಿರುಗಿಸುತ್ತಾ ಸುಡಿ. ಸಿಪ್ಪೆ ಎಲ್ಲ ಕಡೆ ಕಪ್ಪಾಗಬೇಕು, ಚಾಕು ಚುಚ್ಚಿದರೆ ಬೆಣ್ಣೆಗಿಳಿದಂತೆ ಇಳಿಯಬೇಕು. ಉರಿ ದೊಡ್ಡದಾದರೆ ಹೊರಗೆ ಕರಿ, ಒಳಗೆ ಹಸಿ. ಹಾಗಾದರೆ ಕುಕ್ಕರಿನಲ್ಲಿ ಒಂದು ಸೀಟಿ ಕೂಗಿಸಿ ಸರಿಪಡಿಸಬಹುದು.

ಪಾತ್ರೆ ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ತಾನಾಗಿ ಬಿಡುತ್ತದೆ. ಚಮಚದಲ್ಲಿ ತಿರುಳು ತೋಡಿ. ಸುಮಾರು 250–300 ಗ್ರಾಂ ಸಿಗುತ್ತದೆ. ಅಲ್ಲಲ್ಲಿ ಕರಿ ಚುಕ್ಕೆ ಇದ್ದರೆ ಇರಲಿ, ಹೊಗೆಯ ರುಚಿ ಬರುವುದೇ ಅದರಿಂದ. ಚಕ್ಕೆ ಚಕ್ಕೆ ಕರಿ ಸೇರಿದರೆ ಮಾತ್ರ ಕಹಿ. ತಣ್ಣಗಾದ ಪಾಕ, ಉಪ್ಪು, ಜೀರಿಗೆ, ಮೆಣಸು ಸೇರಿಸಿ ಮಿಕ್ಸಿಯಲ್ಲಿ ತಿರುವಿ, ಜರಡಿ ಹಿಡಿದು ನಾರು ತೆಗೆಯಿರಿ. ಸುಮಾರು ಅರ್ಧ ಲೀಟರ್ ಆಗುತ್ತದೆ. ಗಾಜಿನ ಬಾಟಲಿಯಲ್ಲಿ, ಫ್ರಿಜ್ಜಿನಲ್ಲಿ ಐದಾರು ದಿನ. ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟರೆ ಮಾವಿನ ಕಾಲ ಮುಗಿದ ಮೇಲೂ ಬರುತ್ತದೆ.

ಮಕ್ಕಳಿಗೆ: 60 ಮಿ.ಲೀ. ರಸ, 150 ಮಿ.ಲೀ. ತಣ್ಣೀರು, ಎರಡು ಪುದೀನ ಎಲೆ.

ದೊಡ್ಡವರಿಗೆ: ವೋಡ್ಕಾ ಅಥವಾ ಬಿಳಿ ರಮ್ 45 ಮಿ.ಲೀ., ರಸ 60, ನಿಂಬೆ 10. ಕುಲುಕಿ ಎತ್ತರದ ಲೋಟಕ್ಕೆ ಸೋಸಿ, ಮೇಲೆ 90 ಮಿ.ಲೀ. ಸೋಡಾ. ಜಿನ್ ಹಾಕಬಹುದು, ಆದರೆ ಜೀರಿಗೆಯೂ ಜಿನ್ನಿನ ಸೊಪ್ಪು-ಕಾಳಿನ ಪರಿಮಳವೂ ಒಂದಕ್ಕೊಂದು ಅಡ್ಡ ಬರುತ್ತವೆ. ಜಿನ್ ಬೇಕೇ ಬೇಕೆಂದರೆ ಜೀರಿಗೆ ಬಿಟ್ಟು ರಸ ಮಾಡಿ. ಲೋಟದಲ್ಲಿ ತಿರುಳು ತಳಕ್ಕೆ ಇಳಿದರೆ ಜರಡಿ ದೊಡ್ಡದಾಯಿತು ಎಂದು ತಿಳಿಯಿರಿ.

ತಟ್ಟೆಗೆ: ಅದೇ ರಸ 100 ಮಿ.ಲೀ.ಗೆ ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಎರಡು ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟು ಐದು ನಿಮಿಷ ಕುದಿಸಿದರೆ ಗೊಜ್ಜು. ಬಿಸಿ ಅನ್ನಕ್ಕೆ ಇದಿದ್ದರೆ ಬೇರೇನೂ ಬೇಡ.

ಕಾಯಿ ಮುಗಿದು ಹಣ್ಣು ಬಂದಾಗ, ಮೊದಲು ರಾಮನಗರದ ಕಡೆಯದು, ಆಮೇಲೆ ಶ್ರೀನಿವಾಸಪುರದ್ದು, ಬಾದಾಮಿ, ರಸಪುರಿ ಎಲ್ಲವನ್ನೂ ಕಾಕ್‌ಟೇಲಿಗೆ ಸುರಿಯುವ ಆಸೆಯಾಗುತ್ತದೆ. ತಿರುಳು 45 ಮಿ.ಲೀ. ದಾಟಿದರೆ ಅದು ಕುಡಿಯುವ ವಸ್ತುವಾಗಿ ಉಳಿಯುವುದಿಲ್ಲ. ರಸಪುರಿಯನ್ನು ಸೀಕರಣೆಗೇ ಬಿಡಿ: ನಾಲ್ಕು ಹಣ್ಣಿನ ರಸಕ್ಕೆ ಒಂದು ಲೋಟ ಕಾಯಿಸಿ ಪೂರ್ತಿ ಆರಿಸಿದ ಹಾಲು, ಎರಡು ಚಮಚ ಬೆಲ್ಲ, ಏಲಕ್ಕಿ. ಹಾಲು ಬಿಸಿ ಇದ್ದರೆ ಒಡೆಯುತ್ತದೆ.

ಮುಂಗಾರು: ನೇರಳೆ

ಜೂನ್, ಜುಲೈನ ಕೆಲವೇ ವಾರ. ನೇರಳೆಯನ್ನು ಬೇಯಿಸಬೇಡಿ. ಬೇಯಿಸಿದರೆ ಸಿಪ್ಪೆಯ ಒಗರೆಲ್ಲ ರಸಕ್ಕಿಳಿಯುತ್ತದೆ, ಬಣ್ಣ ಕಂದುಗಟ್ಟುತ್ತದೆ. ತಣ್ಣಗೇ ರಸ ಬಿಡಿಸಿ ವಿನೆಗರಿನಲ್ಲಿ ನಿಲ್ಲಿಸುವ ಕ್ರಮವೇ ಇದಕ್ಕೆ ಸರಿ. ಬಾರಿನವರು ಇಂಥ ಪಾಕವನ್ನು ಶ್ರಬ್ ಎನ್ನುತ್ತಾರೆ.

500 ಗ್ರಾಂ ಹಣ್ಣನ್ನು ಉಪ್ಪು ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಬಿರುಕು ಬಿಟ್ಟದ್ದನ್ನು ಮೊದಲೇ ತೆಗೆದಿಡಿ. ಗಾಜು ಅಥವಾ ಸ್ಟೀಲ್ ಪಾತ್ರೆಯಲ್ಲಿ ಕೈಯಿಂದ ಹಿಸುಕಿ ಬೀಜ ಬಿಡಿಸಿ. ಕಬ್ಬಿಣ, ಅಲ್ಯೂಮಿನಿಯಂ ಬೇಡ, ಬಣ್ಣ ಕಪ್ಪಾಗುತ್ತದೆ. 250 ಗ್ರಾಂ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಮುಚ್ಚಿ ಫ್ರಿಜ್ಜಿನಲ್ಲಿ 24 ಗಂಟೆ ಇಡಿ. ನಡುವೆ ಎರಡು ಸಲ ಕಲಕಿ. ಸಕ್ಕರೆಯೇ ರಸವನ್ನು ಎಳೆದು ತರುತ್ತದೆ. ಉಪ್ಪು ಬಿಡಬೇಡಿ, ನೇರಳೆಯ ಒಗರನ್ನು ತಗ್ಗಿಸುವುದು ಅದೇ. ಮರುದಿನ ಸೋಸಿ, 150 ಮಿ.ಲೀ. ಸೇಬಿನ ಅಥವಾ ತೆಂಗಿನ ವಿನೆಗರ್ ಸೇರಿಸಿ. ಅಂಗಡಿಯ ಅಗ್ಗದ ಬಿಳಿ ಸಿಂಥೆಟಿಕ್ ವಿನೆಗರ್ ಹಾಕಿದರೆ ಮೂಗಿಗೆ ಹೊಡೆಯುತ್ತದೆ, ಹಣ್ಣಿನ ಪರಿಮಳ ಅಲ್ಲಿಗೆ ಮುಗಿಯಿತು. ಮೊದಲ ದಿನ ವಿನೆಗರ್ ಚೂಪಾಗಿರುತ್ತದೆ. ಮೂರು ದಿನ ಬಿಟ್ಟು ಬಳಸಿ, ಒಂದು ತಿಂಗಳು ಫ್ರಿಜ್ಜಿನಲ್ಲಿ ಇರುತ್ತದೆ.

40 ಮಿ.ಲೀ. ಪಾಕಕ್ಕೆ 150 ಮಿ.ಲೀ. ಸೋಡಾ ಹಾಕಿದರೆ ಶರಬತ್ತು. ಕಾಕ್‌ಟೇಲಿಗೆ ಜಿನ್ 45, ಪಾಕ 30, ನಿಂಬೆ 5, ಐಸ್ ತುಂಬಿದ ಲೋಟದಲ್ಲೇ ಕಲಕಿ ಸೋಡಾ 90. ಒಂದು ನಿಂಬೆ ಎಲೆಯನ್ನು ಅಂಗೈಯಲ್ಲಿ ತಟ್ಟಿ ಮೇಲಿಡಿ. ತಟ್ಟಿದರೆ ಸಾಕು, ಹರಿದು ಜಜ್ಜಿದರೆ ಕಹಿ ಬಿಡುತ್ತದೆ. ಪಾನೀಯ ಕೆಂಪಿನ ಬದಲು ಮಾಸಲು ನೇರಳೆಗೆ ತಿರುಗಿದರೆ ಹುಳಿ ಕಡಿಮೆಯಾಗಿದೆ ಅಥವಾ ನೀರು ಗಡಸಾಗಿದೆ. ಇನ್ನೈದು ಮಿ.ಲೀ. ನಿಂಬೆ ಹಾಕಿದೊಡನೆ ಬಣ್ಣ ಮರಳುವುದನ್ನು ಕಣ್ಣಾರೆ ನೋಡಬಹುದು. ಬಿಳಿ ಅಂಗಿ ತೊಟ್ಟು ಈ ಕೆಲಸಕ್ಕೆ ಇಳಿಯಬೇಡಿ.

ಜಡಿಮಳೆಯ ಸಂಜೆಗೆ ಬಿಸಿಯದೂ ಒಂದಿರಲಿ. ಇಂಚುದ್ದ ಜಜ್ಜಿದ ಶುಂಠಿ, ಆರು ಮೆಣಸುಕಾಳು, ಎರಡು ಲವಂಗವನ್ನು 200 ಮಿ.ಲೀ. ನೀರಿನಲ್ಲಿ ಹತ್ತು ನಿಮಿಷ ಕುದಿಸಿ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಕರಾವಳಿಯವರ ಲೆಕ್ಕಕ್ಕಿಂತ ಒಂದೆರಡು ನಿಮಿಷ ಹೆಚ್ಚು ಬಿಡಿ. ಸೋಸಿ 20 ಮಿ.ಲೀ. ಬೆಲ್ಲದ ಪಾಕ ಬೆರೆಸಿ. ರಮ್ 45 ಮಿ.ಲೀ. ಹಾಕುವುದಾದರೆ ಒಲೆ ಆರಿಸಿ, ಲೋಟಕ್ಕೆ ಬಗ್ಗಿಸಿದ ಮೇಲೆ. ಉರಿಯ ಮೇಲಿರುವ ಪಾತ್ರೆಗೆ ಮದ್ಯ ಸುರಿದರೆ ಆವಿಗೆ ಬೆಂಕಿ ಹತ್ತಿಕೊಳ್ಳಬಹುದು.

ಮಳೆ ಇಳಿದ ಮೇಲೆ: ದೇವನಹಳ್ಳಿ ಚಕ್ಕೋತ

ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಗಾತ್ರ ನೋಡಿ ಮರುಳಾಗದೆ ಎತ್ತಿ ನೋಡಿ, ಅದೇ ಗಾತ್ರದ ಹಣ್ಣುಗಳಲ್ಲಿ ಭಾರವಾದದ್ದೇ ರಸಭರಿತ.

ಕಹಿಯೆಲ್ಲ ಇರುವುದು ಬಿಳಿ ಹತ್ತಿಯಂಥ ಪದರದಲ್ಲಿ ಮತ್ತು ತೊಳೆಯ ಪೊರೆಯಲ್ಲಿ. ಪೊರೆ ಪೂರ್ತಿ ಬಿಡಿಸಿ, ಒಳಗಿನ ರಸದ ಎಸಳುಗಳನ್ನು ಮಾತ್ರ ಬಟ್ಟೆಯಲ್ಲಿ ಹಿಂಡಿ. ಮಿಕ್ಸಿ ಬೇಡ. ಹಿಂಡಿದ ಗಂಟೆಯೊಳಗೆ ಬಳಸಿ, ಇಟ್ಟಷ್ಟೂ ಕಹಿ ಏರುತ್ತದೆ. ಈ ಒಂದು ಹಣ್ಣಿಗೆ ಮಾತ್ರ ಬಾಟಲಿಯ ಲೆಕ್ಕ ನಡೆಯುವುದಿಲ್ಲ. ಜಿನ್ 45, ಚಕ್ಕೋತ 90, ಸಕ್ಕರೆ ಪಾಕ 10, ನಿಂಬೆ 10, ಕುಲುಕಿ ಸೋಸಿ. ಲೋಟದ ಅಂಚಿಗೆ ನಿಂಬೆ ಸವರಿ ಉಪ್ಪು-ಅಚ್ಚಖಾರದ ಪುಡಿಯಲ್ಲಿ ಅದ್ದಿ, ಅರ್ಧ ಸುತ್ತಿಗೆ ಮಾತ್ರ. ಖಾರ ಬೇಡವಾದವರು ಇನ್ನೊಂದು ಬದಿಯಿಂದ ಕುಡಿಯಲಿ. ಉಳಿದ ಎಸಳುಗಳನ್ನು ನೆನೆಸಿದ ಹೆಸರುಬೇಳೆ, ತೆಂಗಿನತುರಿ, ಹಸಿಮೆಣಸಿನಕಾಯಿಯೊಂದಿಗೆ ಕೋಸಂಬರಿ ಮಾಡಿ. ಉಪ್ಪು ಬಡಿಸುವಾಗ ಹಾಕಿ, ಮೊದಲೇ ಹಾಕಿದರೆ ನೀರು ಬಿಡುತ್ತದೆ.

ಒಂದು ಎಚ್ಚರಿಕೆ. ಕೊಲೆಸ್ಟರಾಲ್ ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳು ಚಕ್ಕೋತದ ಜೊತೆ ಸೇರಿದರೆ ರಕ್ತದಲ್ಲಿ ಅವುಗಳ ಪ್ರಮಾಣ ಏರುತ್ತದೆ. ದಿನಾ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಕುಡಿಯಬಾರದು, ಮದ್ಯವಿಲ್ಲದ ಬರಿಯ ರಸವನ್ನು ಕೂಡ.

ಕಾರ್ತಿಕದಿಂದ ಸಂಕ್ರಾಂತಿ: ಕಡಲೆಕಾಯಿ, ಅವರೆ, ನೆಲ್ಲಿ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಅಲ್ಲಿಂದ ಅವರೆಕಾಯಿ ಕಾಲ ಮುಗಿಯುವ ತನಕ ಲೋಟಕ್ಕಿಂತ ತಟ್ಟೆಯೇ ಮುಖ್ಯ.

ಕಾಂಗ್ರೆಸ್ ಕಡಲೆಬೀಜ: 250 ಗ್ರಾಂ ಬೀಜವನ್ನು ಸಣ್ಣ ಉರಿಯಲ್ಲಿ 12–15 ನಿಮಿಷ ಹುರಿದು, ಆರಿದ ಮೇಲೆ ಉಜ್ಜಿ ಸಿಪ್ಪೆ ತೆಗೆದು ಎರಡು ಹೋಳು ಮಾಡಿ. ಎರಡು ಟೀ ಚಮಚ ಎಣ್ಣೆಯಲ್ಲಿ ಕಾಲು ಚಮಚ ಇಂಗು, ಎರಡು ಎಸಳು ಕರಿಬೇವು ಗರಿಗರಿಯಾದೊಡನೆ ಒಲೆ ಆರಿಸಿ. ಆರಿಸಿದ ಮೇಲೆಯೇ ಕಾಲು ಚಮಚ ಅರಿಸಿನ, ಒಂದೂವರೆ ಚಮಚ ಕಾಳುಮೆಣಸಿನ ಪುಡಿ, ಒಂದು ಚಮಚ ಪುಡಿ ಉಪ್ಪು. ಉರಿಯಲ್ಲಿ ಹಾಕಿದರೆ ಮೆಣಸು ಸೀದು ಕಹಿಯಾಗುತ್ತದೆ. ಬೀಜ ಬೆರೆಸಿ ಪೂರ್ತಿ ತಣ್ಣಗಾದ ಮೇಲೆ ಡಬ್ಬಿಗೆ. ಬಿಸಿ ಇದ್ದಾಗ ಮುಚ್ಚಿದರೆ ಮರುದಿನಕ್ಕೆ ಮೆತ್ತಗಾಗಿರುತ್ತದೆ.

ಅವರೆ ಕೊಳ್ಳುವಾಗ ಸೊಗಡು ನೋಡಿ. ಕಾಯಿ ಹಿಡಿದ ಬೆರಳಿಗೆ ಜಿಗುಟು, ಮೂಗಿಗೆ ಘಮ ಬರಬೇಕು. ಕಾಳು ಬಿಡಿಸಿ ರಾತ್ರಿ ನೆನೆಸಿ ಬೆಳಿಗ್ಗೆ ಹಿಸುಕಿದರೆ ಹಿತಕಿದ ಬೇಳೆ. ಅದನ್ನು ಕರಿಯಲು ಬಟ್ಟೆಯ ಮೇಲೆ ಎರಡು ಗಂಟೆ ಹರವಿ ಒಣಗಿಸಲೇಬೇಕು. ಒದ್ದೆ ಬೇಳೆ ಬಿದ್ದರೆ ಎಣ್ಣೆ ನೊರೆ ಉಕ್ಕಿ ಒಲೆಗೆ ಚೆಲ್ಲುತ್ತದೆ, ಸಿಪ್ಪೆ ಉಳಿದ ಕಾಳು ಪಟಾಕಿಯಂತೆ ಸಿಡಿಯುತ್ತದೆ. ನಡು ಕಾವಿನಲ್ಲಿ ಒಂದೊಂದೇ ಹಿಡಿ ಹಾಕಿ. ಎಣ್ಣೆಯ ಸದ್ದು ಅಡಗಿದಾಗ ಬೇಳೆ ಆಯಿತು ಎಂದು ಲೆಕ್ಕ. ಬಣ್ಣ ಕೆಂಪಾಗುವ ತನಕ ಕಾದರೆ ಕಹಿ. ಉಪ್ಪು, ಖಾರದ ಪುಡಿ ಬಿಸಿ ಇರುವಾಗಲೇ, ಆಮೇಲೆ ಹಾಕಿದರೆ ಅಂಟುವುದಿಲ್ಲ.

ಇವೆರಡರ ಜೊತೆಗೆ ನೆಲ್ಲಿಕಾಯಿ ಲೋಟ. 250 ಗ್ರಾಂ ಬೆಟ್ಟದ ನೆಲ್ಲಿಕಾಯಿಯನ್ನು ಕುದಿವ ನೀರಿನಲ್ಲಿ ಮೂರು ನಿಮಿಷ ಬಿಟ್ಟರೆ ಎಸಳು ಬಿಚ್ಚಿ ಬೀಜ ಸಲೀಸಾಗಿ ಬರುತ್ತದೆ, ಒಗರೂ ತಗ್ಗುತ್ತದೆ. ಅರ್ಧ ಇಂಚು ಶುಂಠಿ, ಅರ್ಧ ಟೀ ಚಮಚ ಉಪ್ಪು, 300 ಮಿ.ಲೀ. ನೀರಿನೊಂದಿಗೆ ರುಬ್ಬಿ ಸೋಸಿ. ಕಬ್ಬಿಣದ ಚಾಕು ತಾಗಿಸಬೇಡಿ, ರಸ ಕಪ್ಪಾಗುತ್ತದೆ. ಮೂರು ದಿನದೊಳಗೆ ಮುಗಿಸಿ. ವೋಡ್ಕಾ 45, ನೆಲ್ಲಿ ರಸ 60, ಸಕ್ಕರೆ ಪಾಕ 25, ಸೀಳಿದ ಅರ್ಧ ಹಸಿಮೆಣಸಿನಕಾಯಿ, ಕುಲುಕಿ ಸೋಸಿ. ಮದ್ಯ ಬೇಡವಾದರೆ ಅದೇ ರಸ 60 ಮಿ.ಲೀ.ಯನ್ನು 150 ಮಿ.ಲೀ. ತೆಳು ಮಜ್ಜಿಗೆಗೆ ಬೆರೆಸಿ ಸಾಸಿವೆ ಒಗ್ಗರಣೆ ಕೊಡಿ. ಪಕ್ಕದಲ್ಲಿ ನೀರಿನ ಲೋಟ ಇಡುವುದನ್ನು ಮರೆಯಬೇಡಿ. ನೆಲ್ಲಿಯ ಮೇಲೆ ಕುಡಿದ ನೀರು ಸಿಹಿ, ಅರ್ಧ ಸೊಗಸು ಅದರಲ್ಲೇ ಇದೆ.

ನೀಲಿ ದ್ರಾಕ್ಷಿ, ಎಂಟು ಜನಕ್ಕೆ

ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. ದಪ್ಪ ಸಿಪ್ಪೆ, ಬೀಜ, ಗಾಢ ಪರಿಮಳ. ತಿನ್ನಲು ಬೀಜರಹಿತ ತಳಿಯೇ ಮೇಲು ಎನ್ನುವವರುಂಟು, ರಸಕ್ಕೆ ಮಾತ್ರ ಇದನ್ನು ಮೀರಿಸಿದ್ದಿಲ್ಲ.

ಒಂದೂವರೆ ಕೆ.ಜಿ. ತೊಳೆದು ಬಿಡಿಸಿದ ದ್ರಾಕ್ಷಿ, 150 ಮಿ.ಲೀ. ನೀರು, ಸಣ್ಣ ಉರಿ. ಸಿಪ್ಪೆ ಒಡೆದು ನೀರು ಕೆನ್ನೀಲಿಯಾಗುವ ತನಕ ಹತ್ತು ಹನ್ನೆರಡು ನಿಮಿಷ. ಕೊತಕೊತ ಕುದಿಸಿದರೆ ಪರಿಮಳ ಹಾರಿಹೋಗಿ ಜಾಮಿನ ವಾಸನೆ ಉಳಿಯುತ್ತದೆ. ಮರದ ಸೌಟಿನಲ್ಲಿ ಮೆಲ್ಲಗೆ ಒತ್ತಿ, ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ರಾತ್ರಿಯಿಡೀ ತೊಟ್ಟಿಕ್ಕಲು ಬಿಡಿ. ಅವಸರಪಟ್ಟು ಹಿಂಡಿದರೆ ರಸ ಮಬ್ಬಾಗುತ್ತದೆ, ಬೀಜದ ಒಗರು ಇಳಿಯುತ್ತದೆ. ಮರುದಿನ ಒಂದು ಲೀಟರಿಗೆ 80–100 ಗ್ರಾಂ ಸಕ್ಕರೆ ಬೆರೆಸಿ ಫ್ರಿಜ್ಜಿನಲ್ಲಿಡಿ. ಎರಡು ದಿನದಲ್ಲಿ ತಳದಲ್ಲಿ ಹರಳು ಕೂರುತ್ತವೆ. ಗಾಜಿನ ಚೂರು ಎಂದು ಗಾಬರಿ ಬೇಡ, ಅದು ದ್ರಾಕ್ಷಿಯದೇ ಹುಳಿಯ ಲವಣ. ಮೇಲಿನ ರಸ ಬಗ್ಗಿಸಿಕೊಂಡರೆ ಆಯಿತು. ಬಾಟಲಿಯನ್ನು ಹೊರಗೆ ಬಿಗಿಯಾಗಿ ಮುಚ್ಚಿಡಬಾರದು. ಗಾಳಿಯಿಂದಲೋ ಪಾತ್ರೆಯಿಂದಲೋ ಯೀಸ್ಟ್ ಸೇರಿದರೆ ರಸ ಹುದುಗಿ ಗಾಜು ಸಿಡಿಯುತ್ತದೆ. ಮುಚ್ಚಳ ತೆಗೆದಾಗ ಬುಸ್ ಎಂದರೆ ಆ ಬಾಟಲಿ ಚೆಲ್ಲಿ.

ಮನೆಗೆ ಎಂಟು ಜನ ಬರುವಾಗ ಒಬ್ಬೊಬ್ಬರಿಗೂ ಕುಲುಕುತ್ತಾ ನಿಲ್ಲಬೇಕಿಲ್ಲ. ಬ್ರಾಂದಿ 360 ಮಿ.ಲೀ., ದ್ರಾಕ್ಷಿ ರಸ 720, ನಿಂಬೆ 80. ಕುಲುಕುವಾಗ ಕರಗಬೇಕಾಗಿದ್ದ ಐಸಿನ ಬಹುಪಾಲಿಗೆ ಬದಲಾಗಿ 150 ಮಿ.ಲೀ. ತಣ್ಣೀರನ್ನು ನಾವೇ ಸೇರಿಸಬೇಕು. ಇದನ್ನು ಮರೆತ ಜಗ್ಗೇ ಕೂಟಗಳಲ್ಲಿ ತಲೆಗೇರುವುದು. ನಿಂಬೆಯನ್ನು ಅತಿಥಿಗಳು ಬರುವ ಅರ್ಧ ಗಂಟೆ ಮುಂಚೆ ಹಿಂಡಿ, ಉಳಿದದ್ದನ್ನು ಬೆಳಿಗ್ಗೆಯೇ ಬೆರೆಸಿ ಫ್ರಿಜ್ಜಿನಲ್ಲಿಡಿ. ಜಗ್ಗಿಗೆ ಐಸ್ ಬೇಡ, ಲೋಟಕ್ಕೆ ಹಾಕಿ. ಮದ್ಯ ಮುಟ್ಟದವರಿಗೆ ಅದೇ ರಸ 120 ಮಿ.ಲೀ., ನಿಂಬೆ 10, ಸೋಡಾ 60, ಅದೇ ಬಗೆಯ ಲೋಟದಲ್ಲಿ. ಎರಡೂ ಜಗ್ಗು ಬಣ್ಣದಲ್ಲಿ ಒಂದೇ ಥರ ಕಾಣುವುದರಿಂದ ಬ್ರಾಂದಿ ಇರುವ ಜಗ್ಗಿನ ಹಿಡಿಗೆ ಒಂದು ದಾರ ಕಟ್ಟಿಡಿ.